ಸೊಸೆಗೆ ಮತವಿರಲಿಲ್ಲ

(ಹೆಸರು, ವಯಸ್ಸು, ಊರು ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ.)

ಅನಿರುದ್ಧ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮೊಬೈಲನ್ನು ನನ್ನ ಕಡೆಗೆ ತಿರುಗಿಸಿ ಹಿಡಿದರು. ಪರದೆಯ ಮೇಲೆ ಒಂದೇ ಒಂದು ಸಂಖ್ಯೆ: 12,69,501.

"ಇಷ್ಟೇ ಮೇಡಂ ಅಂತರ. ಮೂರು ಕೋಟಿ ಮೂವತ್ತೈದು ಲಕ್ಷ ಮತಗಳಲ್ಲಿ ಇಷ್ಟೇ. ಆರೂವರೆ ಲಕ್ಷ ಜನ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಸಾಕಿತ್ತು."

ಅದು 2016ರ ನವೆಂಬರ್. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಹೊರಬರಬೇಕೋ ಎಂಬ ಜನಮತಗಣನೆ ನಡೆದದ್ದು ಜೂನ್ 23ರಂದು. ಹೊರಬರೋಣ ಎಂದವರು ಶೇ. 51.9, ಉಳಿಯೋಣ ಎಂದವರು ಶೇ. 48.1. ಐದು ತಿಂಗಳು ಕಳೆದಿದ್ದರೂ ಅನಿರುದ್ಧರ ಪಾಲಿಗೆ ಎಣಿಕೆ ಇನ್ನೂ ನಡೆಯುತ್ತಲೇ ಇತ್ತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಊರೂರಿನ ಅಂಕಿ ತೆಗೆದು ನೋಡುವುದು, ಕಚೇರಿಯಲ್ಲಿ ಯಾರಾದರೂ "ಮುಗಿಯಿತಲ್ಲ, ಬಿಡಿ" ಎಂದರೆ ಜಗಳಕ್ಕೆ ನಿಲ್ಲುವುದು. ನಿದ್ರೆಗೆಟ್ಟದ್ದಕ್ಕೆ ವೈದ್ಯರು ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳುಹಿಸಿದ್ದರು. ತಂದೆಯೊಂದಿಗೆ ಮಾತು ಬಿಟ್ಟ ಸಂಗತಿ ಹೊರಬಂದದ್ದು ಗಂಟೆಯ ಕೊನೆಯ ಐದು ನಿಮಿಷದಲ್ಲಿ, ಕೋಟು ಹಾಕಿಕೊಳ್ಳುತ್ತಾ. ನನ್ನ ಅನುಭವದಲ್ಲಿ ನಿಜವಾದ ದೂರು ಕೋಟಿನ ಜೊತೆಗೇ ಬರುತ್ತದೆ.

ತಂದೆ ನಿವೃತ್ತ ವೈದ್ಯರು. 1976ರಲ್ಲಿ ಇಂಗ್ಲೆಂಡಿಗೆ ಬಂದು, ಗಣಿ ಮುಚ್ಚಿಹೋದ ಒಂದು ಪಟ್ಟಣದಲ್ಲಿ ಮೂವತ್ತು ವರ್ಷ ದವಾಖಾನೆ ನಡೆಸಿದವರು. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನದ ಊಟಕ್ಕೆ ಮಗನ ಮನೆಗೆ ಬರುತ್ತಿದ್ದರು. ಸೊಸೆ ಕ್ಲಾರಾ ಪೋರ್ಚುಗಲ್‌ನವರು, ಹನ್ನೊಂದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದವರು. ಮಾವನನ್ನು 'ಮಾವ' ಎಂದೇ ಕರೆಯುವಷ್ಟು ಕನ್ನಡ ಅವರಿಗೆ ಬರುತ್ತಿತ್ತು. ಮೂರು ವರ್ಷದ ಒಬ್ಬ ಮಗಳು.

ಡಾಕ್ಟರು ಹೊರಬರುವ ಪರವಾಗಿ ಮತ ಹಾಕಿದ್ದರು.

ಜೂನ್ 24ರ ಬೆಳಿಗ್ಗೆ ಅವರೇ ಮಗನಿಗೆ ಫೋನ್ ಮಾಡಿದರಂತೆ. ರಾತ್ರಿಯಿಡೀ ಎಚ್ಚರವಿದ್ದ ಅನಿರುದ್ಧ ಸ್ಪೀಕರ್ ಹಾಕಿ ಮೊಬೈಲನ್ನು ಮೇಜಿನ ಮೇಲಿಟ್ಟಿದ್ದರು. ಕ್ಲಾರಾ ಮಗುವಿನ ಒಂದು ಕಾಲಿಗೆ ಬೂಟು ತೊಡಿಸಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದರು. ಆ ಕಡೆಯಿಂದ ಬಂದ ಮೊದಲ ಮಾತು: "ಗೆದ್ದೆವಲ್ಲಪ್ಪ!" ಎರಡನೆಯದು: "ಕ್ಲಾರಾಗೆ ಏನೂ ಆಗುವುದಿಲ್ಲ ಬಿಡು. ಇದು ಅವಳ ವಿಷಯವೇ ಅಲ್ಲ."

ಏನು ಹೇಳಿದರು ಎಂದು ಕ್ಲಾರಾ ಕೇಳಿದರು. ಅನಿರುದ್ಧ ಅಕ್ಷರಶಃ ಅನುವಾದಿಸಿ ಹೇಳಿದರು. ಅಂದಿನಿಂದ ಭಾನುವಾರದ ಊಟ ನಿಂತುಹೋಯಿತು.

ಇಲ್ಲಿ ನನ್ನದೊಂದು ತಪ್ಪನ್ನು ಬರೆದುಬಿಡುತ್ತೇನೆ. ಎರಡನೆಯ ಭೇಟಿಯಲ್ಲಿ ನಾನು ಅವರೊಂದಿಗೆ ವಾದಕ್ಕೆ ಇಳಿದೆ. ಈ ಜನಮತಗಣನೆ ಕೇವಲ ಸಲಹಾತ್ಮಕ, 2015ರ ಕಾಯಿದೆಯಲ್ಲಿ ಫಲಿತಾಂಶಕ್ಕೆ ಸರ್ಕಾರ ಬದ್ಧ ಎಂಬ ಮಾತೇ ಇಲ್ಲ ಎಂದು ಅವರು ಹೇಳಿದರು, ಅದು ನಿಜವೇ. ಆದರೆ ನೀವು ಏನು ತೀರ್ಮಾನಿಸುತ್ತೀರೋ ಅದನ್ನೇ ಜಾರಿಗೆ ತರುತ್ತೇವೆ ಎಂದು ಸರ್ಕಾರ ಮನೆಮನೆಗೆ ಹಂಚಿದ ಕರಪತ್ರದಲ್ಲಿ ಅಚ್ಚಾಗಿತ್ತಲ್ಲ ಎಂದು ನಾನು ಕೇಳಿದೆ, ಅದೂ ನಿಜವೇ. ಅಂಕಿಗೆ ಅಂಕಿ, ಕಲಮಿಗೆ ಕಲಮು. ಅವರು ಬಹಳ ಹುರುಪಿನಿಂದ ಎದ್ದುಹೋದರು. ಹೋದ ಮೇಲೆ ತಿಳಿಯಿತು: ಮನೆಯಲ್ಲಿ ತಂದೆ ಬಿಟ್ಟುಹೋದ ಕುರ್ಚಿಯಲ್ಲಿ ನಾನು ಕೂತಿದ್ದೆ. ನಾನೂ ಅಂದು ಮತ ಹಾಕಿದವಳೇ. ಯಾವ ಕಡೆಗೆ ಎಂದು ಅನಿರುದ್ಧ ಮೂರು ಸಲ ಕೇಳಿದರೂ ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಆದರೆ ನನ್ನ ಮೇಲ್ವಿಚಾರಕರ ಮುಂದೆ ಮೊದಲು ಒಪ್ಪಿಸಿದ್ದು ಅದನ್ನೇ.

ಮೂರನೆಯ ಭೇಟಿಯಲ್ಲಿ ಬೇರೆ ದಾರಿ ಹಿಡಿದೆ. "ನೀವು ಒಪ್ಪುತ್ತಿಲ್ಲ ಎನ್ನುತ್ತೀರಿ. ಏನನ್ನು ಒಪ್ಪುತ್ತಿಲ್ಲ? ಎಣಿಕೆ ಸರಿಯಾಗಿ ನಡೆಯಿತು ಎನ್ನುವುದನ್ನೋ, ಜನ ಮಾಡಿದ ತೀರ್ಮಾನ ಸರಿ ಎನ್ನುವುದನ್ನೋ, ಮುಂದೆ ನಿಮ್ಮ ಮನೆಗೆ ಏನಾಗುತ್ತದೆ ಎನ್ನುವುದನ್ನೋ?"

ಅವರು ಮೂರಕ್ಕೂ ಒಂದೇ 'ಇಲ್ಲ' ಇಟ್ಟುಕೊಂಡಿದ್ದರು. ಮೂರನ್ನೂ ಬಿಡಿಸಿ ನೋಡಿದಾಗ, ಎಣಿಕೆಯ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ. ತೀರ್ಮಾನ ತಪ್ಪು ಎಂಬುದರಲ್ಲೂ ಸಂಶಯವಿರಲಿಲ್ಲ. ಮೊದಲನೆಯದನ್ನು ಒಪ್ಪಿಕೊಂಡರೆ ಎರಡನೆಯದನ್ನು ಬಿಟ್ಟುಕೊಡಬೇಕಾಗುತ್ತದೆ ಎಂಬ ಭಯ ಮಾತ್ರ ಇತ್ತು. ಬಿಟ್ಟುಕೊಡಬೇಕಾಗಿಲ್ಲ ಎಂದೆ. ಪ್ರಜಾಪ್ರಭುತ್ವ ಸೋತವರಿಂದ ಕೇಳುವುದು ತೀರಾ ಸಣ್ಣದು: ನೀವೂ ಮತ ಹಾಕಿದಿರಿ, ಎಣಿಸಿದೆವು, ಈ ಸಲ ಅವರದು ಹೆಚ್ಚು ಬಂತು. ಅವರು ಹೇಳಿದ್ದೇ ಸರಿ ಎನ್ನಬೇಕೆಂದು ಎಲ್ಲೂ ಬರೆದಿಲ್ಲ. 1975ರಲ್ಲಿ ಇದೇ ಪ್ರಶ್ನೆಗೆ ಮೂರರಲ್ಲಿ ಎರಡು ಪಾಲು ಜನ ಉಳಿಯೋಣ ಎಂದಿದ್ದರು. ಅಂದು ಸೋತವರೇನು ಬಾಯಿಗೆ ಬೀಗ ಹಾಕಿಕೊಂಡರೇ? 1983ರಲ್ಲಿ ಲೇಬರ್ ಪಕ್ಷ ತನ್ನ ಚುನಾವಣಾ ಪ್ರಣಾಳಿಕೆಯಲ್ಲೇ ಹೊರಬರುತ್ತೇವೆ ಎಂದು ಬರೆದಿತ್ತು.

ಎರಡನೆಯ ಮತದಾನ ಬೇಕೆಂಬ ಅರ್ಜಿಗೆ ಅನಿರುದ್ಧ ಸಹಿ ಹಾಕಿದ್ದರು. ನಲವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದ ಅರ್ಜಿ ಅದು. ಗೆದ್ದವರಿಗೆ ಶೇ. 60ಕ್ಕಿಂತ ಕಡಿಮೆ ಬಂದು, ಮತದಾನ ಶೇ. 75ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಕೇಳಬೇಕು ಎಂಬುದು ಅದರ ಬೇಡಿಕೆ. ಅದನ್ನು ಮೊದಲು ಸಲ್ಲಿಸಿದ್ದು ಹೊರಬರುವ ಪರವಾಗಿದ್ದ ಒಬ್ಬ ವ್ಯಕ್ತಿ, ಅದೂ ಮತದಾನಕ್ಕೆ ಮುಂಚೆ, ತಮ್ಮ ಬಣ ಸೋಲುತ್ತದೆ ಎಂದುಕೊಂಡು. ಇದು ಅವರಿಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು, ನಗುವ ವಿಷಯವಾಗಿ ಗೊತ್ತಿತ್ತು. "ಸರಿ, ಅಂಕಿಗಳು ಅದಲುಬದಲಾಗಿ ನಿಮಗೆ 51.9 ಬಂದು ನಿಮ್ಮ ತಂದೆ ಆ ಅರ್ಜಿಗೆ ಸಹಿ ಹಾಕಿದ್ದರೆ?" ಎಂದೆ.

ಉತ್ತರ ಬರಲಿಲ್ಲ. ಮೊಬೈಲನ್ನು ಮಗುಚಿಟ್ಟರು. ಆಮೇಲೆ ನಿಧಾನವಾಗಿ, "ಅಪ್ಪ ಮತಗಟ್ಟೆಗೆ ಪೆನ್ನು ತೆಗೆದುಕೊಂಡು ಹೋಗಿದ್ದರು ಗೊತ್ತೇ ಮೇಡಂ?" ಎಂದರು. ಬ್ರಿಟನ್ನಿನ ಮತಗಟ್ಟೆಗಳಲ್ಲಿ ಗುರುತು ಹಾಕಲು ಸೀಸದ ಕಡ್ಡಿ ಇಟ್ಟಿರುತ್ತಾರೆ. ಅದನ್ನು ಯಾರೋ ಅಳಿಸಿ ತಿದ್ದುತ್ತಾರೆ ಎಂಬ ವದಂತಿ ಆಗ ಹೊರಬರುವವರ ನಡುವೆ ಹಬ್ಬಿತ್ತು. "ಎಷ್ಟು ನಕ್ಕಿದ್ದೆ ಅವರನ್ನು. ಆಟವೇ ಮೋಸ ಎಂದು ಐದು ತಿಂಗಳಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ, ಅಲ್ಲವೇ?"

ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ.

ಸೋತವರು ಕಾರಣ ಹುಡುಕುವುದು ಹೊಸದೇನಲ್ಲ. 1995ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಬೇರೆಯಾಗುವ ಪ್ರಶ್ನೆ ಕೇವಲ 54,288 ಮತಗಳಿಂದ ಬಿದ್ದುಹೋಯಿತು. ಬೇರೆಯಾಗುವ ಬಣದ ನಾಯಕ ಪ್ರಾಂತ್ಯದ ಪ್ರಧಾನಿಯೂ ಆಗಿದ್ದರು. ಹಣದಿಂದ ಮತ್ತು ಅನ್ಯಮೂಲದವರ ಮತದಿಂದ ಸೋತೆವು ಎಂದು ಆ ರಾತ್ರಿ ವೇದಿಕೆಯ ಮೇಲೇ ಹೇಳಿದರು. ಮರುದಿನ ರಾಜೀನಾಮೆ ಘೋಷಿಸಿದರು. ಇದನ್ನು ಹೇಳಿದಾಗ ಅನಿರುದ್ಧ "ಛೇ" ಎಂದರು. ಮೊದಲ ಭೇಟಿಯಲ್ಲಿ ಅವರೇ 'ಮುದುಕರು, ಓದದವರು' ಎಂದದ್ದು ನನ್ನ ಟಿಪ್ಪಣಿಯಲ್ಲಿತ್ತು. ತೋರಿಸಬೇಕೆನಿಸಿತು, ತೋರಿಸಲಿಲ್ಲ. ಕೆಲವನ್ನು ಅವರೇ ನೆನಪಿಸಿಕೊಳ್ಳಲಿ.

ಕ್ಲಾರಾ ಬಂದದ್ದು ಜನವರಿಯಲ್ಲಿ, ಒಬ್ಬರೇ. ಗಂಡ ಮಾವನ ಮೇಲೆ ಹೂಡಿದ ಯುದ್ಧ ತನಗಾಗಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ, ತನ್ನನ್ನು ಮಾತ್ರ ಯಾರೂ ಕೇಳಿಲ್ಲ ಎಂದರು. ಈ ಜನಮತಗಣನೆಯಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಮತವಿತ್ತು. ಐರೋಪ್ಯ ಒಕ್ಕೂಟದ ದೇಶಗಳವರಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟು ಉಳಿದವರಿಗೆ ಇರಲಿಲ್ಲ. ಅಂದರೆ ಭಾರತದಿಂದ ಓದಲು ಬಂದು ಎಂಟು ತಿಂಗಳಾಗಿದ್ದ ಅನಿರುದ್ಧರ ಸೋದರತ್ತೆಯ ಮಗ ಮತ ಹಾಕಿದ. ಹನ್ನೊಂದು ವರ್ಷ ತೆರಿಗೆ ಕಟ್ಟಿದ ಕ್ಲಾರಾ ಮಗುವನ್ನು ಎತ್ತಿಕೊಂಡು ಮತಗಟ್ಟೆಯ ಹೊರಗೆ ನಿಂತರು. "ಸೋಲಬೇಕಾದರೂ ಆಟದಲ್ಲಿ ಇರಬೇಕಲ್ಲ" ಎಂದರು. ಬಹುಮತವನ್ನು ಒಪ್ಪಿಕೊಳ್ಳಿ ಎಂದು ಗಂಡನಿಗೆ ಹೇಳಿದಷ್ಟು ಸಲೀಸಾಗಿ ಇವರಿಗೆ ಹೇಳಲು ನನ್ನ ಬಾಯಿ ಬರಲಿಲ್ಲ. ಈಗಲೂ ಬರುವುದಿಲ್ಲ. ಮಾವ ಹಾಕಿದ ಮತ ಅವರಿಗೆ ಅಷ್ಟಾಗಿ ನೋಯಿಸಿರಲಿಲ್ಲ. 'ಅವಳ ವಿಷಯವೇ ಅಲ್ಲ' ಎಂಬ ಮಾತು ನೋಯಿಸಿತ್ತು.

ಡಾಕ್ಟರನ್ನು ಕರೆಸಿದ್ದು ಫೆಬ್ರುವರಿಯಲ್ಲಿ. ಹೊರಬರುವ ಪ್ರಕ್ರಿಯೆ ಶುರುಮಾಡಲು ಸಂಸತ್ತಿನ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 8–3ರ ಬಹುಮತದಿಂದ ತೀರ್ಪು ಕೊಟ್ಟು ಆಗಿತ್ತು. ಸಂಸತ್ತಿನ ಕೆಳಮನೆ ಮಸೂದೆಗೆ 498–114ರಿಂದ ಮೊದಲ ಹಂತದ ಒಪ್ಪಿಗೆ ಕೊಟ್ಟೂ ಆಗಿತ್ತು. ಪ್ರತಿ ತಿರುವಿಗೂ ಏರಿ ಇಳಿಯುತ್ತಿದ್ದ ಅನಿರುದ್ಧರ ಆಸೆ ಆ ವಾರ ತೀರಾ ತಗ್ಗಿತ್ತು. ಗಂಟಲು ಸರಿಪಡಿಸಿಕೊಂಡು ಡಾಕ್ಟರು ನನಗೆ ಹೇಳಿದರು: "ನೋಡಮ್ಮಾ, ನಾನು ಸೊಸೆಯ ವಿರುದ್ಧ ಮತ ಹಾಕಲಿಲ್ಲ. ನನ್ನ ಕೈಕೆಳಗೆ ತಯಾರಾಗಬೇಕಿದ್ದ ಭಾರತದ ಹುಡುಗರು ವೀಸಾಕ್ಕಾಗಿ ಅಲೆಯುತ್ತಿದ್ದರು. ಐರೋಪ್ಯ ಒಕ್ಕೂಟದವರು ನೇರ ಬರುತ್ತಿದ್ದರು. ನನ್ನ ಪಟ್ಟಣದ ಜನರನ್ನು ನಲವತ್ತು ವರ್ಷ ಯಾರೂ ಏನೂ ಕೇಳಿರಲಿಲ್ಲ. ಅಂದು ಕೇಳಿದರು, ಹೇಳಿದರು."

"ವಿರುದ್ಧ ಹಾಕಲಿಲ್ಲ, ನಂಬುತ್ತೇನೆ ಡಾಕ್ಟರೇ. ಪೆನ್ನು ತೆಗೆದಾಗ ಕ್ಲಾರಾ ನೆನಪಾದರೇ?"

ಬಹಳ ಹೊತ್ತಾದ ಮೇಲೆ, "ಇಲ್ಲ" ಎಂದರು. ಮಗನ ಕಡೆ ನೋಡಲಿಲ್ಲ, ಸೊಸೆಯ ಕಡೆ ನೋಡಿದರು. ಇಂಗ್ಲಿಷಿನಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದರು.

ನ್ಯಾಯಾಲಯದ ವ್ಯಾಜ್ಯಗಳ ಬಗ್ಗೆ ನಮ್ಮಲ್ಲೊಂದು ಗಾದೆ ಇದೆ: ಗೆದ್ದವನು ಸೋತ, ಸೋತವನು ಸತ್ತ. ಕಿರಿದಾದ ಅಂತರದ ಜನಮತಗಣನೆಗೂ ಅದು ಹೊಂದುತ್ತದೆ ಎಂದು ನನಗೆ ಅನಿಸುತ್ತದೆ. ಸೋತವರು ಫಲಿತಾಂಶ ಒಪ್ಪಿಕೊಳ್ಳಬೇಕು ಎಂದು ಗೆದ್ದವರು ಸಾರುತ್ತಾರೆ. ಸೋತವರೂ ನಾಳೆ ಇದೇ ಮನೆಯಲ್ಲಿ ಇರುತ್ತಾರೆ ಎಂಬುದನ್ನು ಗೆದ್ದವರು ಒಪ್ಪಿಕೊಳ್ಳುವುದು ಅದಕ್ಕಿಂತ ಕಷ್ಟ. ಡಾಕ್ಟರಿಗೆ ನಾನು ಇಟ್ಟ ಕೋರಿಕೆ ಎರಡೇ. 'ಗೆದ್ದೆವು' ಎಂಬ ಪದವನ್ನು ಮಗನ ಮನೆಯಲ್ಲಿ ಬಳಸಬೇಡಿ. 'ಮುಗಿಯಿತಲ್ಲ, ಸುಮ್ಮನಿರು' ಎನ್ನಬೇಡಿ. 1975ರಲ್ಲಿ ಸೋತವರು ನಲವತ್ತೊಂದು ವರ್ಷ ಸುಮ್ಮನಿರಲಿಲ್ಲ, ಅವರ ಹಟದ ಫಲವನ್ನೇ ನೀವು ಉಂಡಿದ್ದೀರಿ.

ಅನಿರುದ್ಧರಿಗೆ ಹೇಳಿದ್ದು: ತಂದೆಯ ಬಾಯಿಂದ ಪಶ್ಚಾತ್ತಾಪದ ಮಾತು ಹೊರಡಿಸುವ ಪ್ರಯತ್ನ ಬಿಡಿ. ಒಂದು ಕೋಟಿ ಎಪ್ಪತ್ತನಾಲ್ಕು ಲಕ್ಷ ಜನರ ಮೇಲಿನ ಸಿಟ್ಟನ್ನು ಹೊರಲು ಒಬ್ಬ ಮುದುಕರ ಹೆಗಲು ಸಾಲದು. ಹೋರಾಡಬೇಕೆನಿಸಿದರೆ ಹೋರಾಡಿ, ಸಂಸದರಿಗೆ ಬರೆಯಿರಿ, ಬೀದಿಗಿಳಿಯಿರಿ. ರಾತ್ರಿ ಎರಡು ಗಂಟೆಗೆ ಊರೂರಿನ ಅಂಕಿ ನೋಡುವುದು ಹೋರಾಟವಲ್ಲ. ಸುದ್ದಿ ದಿನಕ್ಕೆ ಎರಡು ಸಲ, ಮಲಗುವ ಕೋಣೆಯ ಹೊರಗೆ. ಇದು ಹೇಳಲು ಸುಲಭ. ಅವರಿಗೆ ಆರು ವಾರ ಬೇಕಾಯಿತು, ನಡುವೆ ಎರಡು ಸಲ ತಪ್ಪಿತು.

ಕ್ಲಾರಾಗೆ ನಾನು ಸಲಹೆ ಕೊಡಲಿಲ್ಲ. ನಿಮಗೆ ಏನು ಬೇಕು ಎಂದು ಕೇಳಿದೆ. ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಕಾಯಂ ವಾಸದ ಹಕ್ಕಿನ ಅರ್ಜಿ, 85 ಪುಟ. ಐದು ವರ್ಷಗಳಲ್ಲಿ ದೇಶ ಬಿಟ್ಟು ಹೋಗಿಬಂದ ಪ್ರತಿ ಪ್ರವಾಸದ ದಿನಾಂಕವನ್ನೂ ಅದರಲ್ಲಿ ತುಂಬಬೇಕು. "ನನ್ನ ವಿಷಯವಲ್ಲ ಎಂದರಲ್ಲ ಮಾವ. ಇದು ನನ್ನ ವಿಷಯ."

ಡಾಕ್ಟರು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದತೊಡಗಿದರು. 1976ರ ತಮ್ಮ ಕಾಗದಗಳು ಇನ್ನೂ ಕಪಾಟಿನಲ್ಲಿವೆ, ಇಂಥವನ್ನು ತುಂಬುವುದು ತಮಗೆ ಬರುತ್ತದೆ ಎಂದರು. ಭಾನುವಾರದ ಊಟ ಹಾಗೆ ಮತ್ತೆ ಶುರುವಾಯಿತು, ಊಟಕ್ಕಲ್ಲ, ಅರ್ಜಿಗೆ. ತಟ್ಟೆಗಳನ್ನು ಸರಿಸಿ ಹಳೆಯ ಪಾಸ್‌ಪೋರ್ಟಿನ ಮುದ್ರೆಗಳನ್ನೂ ವಿಮಾನದ ಟಿಕೆಟ್‌ಗಳನ್ನೂ ಹರಡಿಕೊಂಡು ಮಾವ, ಸೊಸೆ ಕೂರುತ್ತಿದ್ದರಂತೆ. 2012ರ ಸೆಪ್ಟೆಂಬರ್‌ನ ಒಂಬತ್ತು ದಿನ ಯಾವುದಕ್ಕೂ ತಾಳೆಯಾಗಲಿಲ್ಲ. ಕೊನೆಗೆ ಡಾಕ್ಟರೇ ಹೇಳಿದರು: ಅದು ಲಿಸ್ಬನ್‌ನಲ್ಲಿ ನಡೆದ ಮದುವೆ, ತಾವೂ ಹೆಂಡತಿಯೂ ಜೊತೆಗೇ ಹೋಗಿದ್ದು.

ಆ ಅರ್ಜಿಯ ಶ್ರಮ ಆಮೇಲೆ ಹೆಚ್ಚೂಕಡಿಮೆ ವ್ಯರ್ಥವಾಯಿತು ಎನ್ನಬೇಕು. ಸರ್ಕಾರ ಬೇರೆಯೇ ಯೋಜನೆ ತಂದು, ಕಾಯಂ ವಾಸದ ಪತ್ರ ಇದ್ದವರೂ ಪೌರತ್ವ ಪಡೆಯದಿದ್ದರೆ ಹೊಸದಾಗಿ ಅರ್ಜಿ ಹಾಕಬೇಕೆಂದಿತು. ಕ್ಲಾರಾ ಅದನ್ನೂ ಹಾಕಿದರು.

ಅನಿರುದ್ಧ ಇಂದಿಗೂ ಆ ತೀರ್ಮಾನ ತಪ್ಪು ಎನ್ನುತ್ತಾರೆ. ಡಾಕ್ಟರು ಸರಿ ಎನ್ನುತ್ತಾರೆ. 2019ರ ಮಾರ್ಚ್ 23ರಂದು ಲಂಡನ್ನಿನಲ್ಲಿ ಎರಡನೆಯ ಮತದಾನಕ್ಕಾಗಿ ಲಕ್ಷಾಂತರ ಜನರ ಮೆರವಣಿಗೆ ನಡೆಯಿತು. ಅನಿರುದ್ಧ ಮತ್ತು ಕ್ಲಾರಾ ಹೋಗಿದ್ದರು ಎಂದು ಬಹಳ ದಿನದ ಮೇಲೆ ಅವರ ಮಿಂಚಂಚೆ ಬಂತು. ಮಗುವನ್ನು ಅಂದು ನೋಡಿಕೊಂಡವರು ಡಾಕ್ಟರು. ಹಿಂದಿರುಗುವ ರೈಲು ಎಷ್ಟು ಗಂಟೆಗೆ ಎಂದು ನಾಲ್ಕು ಸಲ ಫೋನ್ ಮಾಡಿದ್ದರಂತೆ.