ಬ್ಲರ್ ಹಾಕಿದವರು ನೋಡಿದ್ದು

ಸುದ್ದಿವಾಹಿನಿಗಳ ಎಡಿಟ್ ಬೇಯಿಂದ, ಅಂದರೆ ವಿಡಿಯೊ ಜೋಡಿಸುವ ಕೋಣೆಯಿಂದ, ನನ್ನ ಬಳಿ ಆಪ್ತಸಲಹೆಗೆ ಬರುವವರು ಹೆಚ್ಚುಕಡಿಮೆ ಒಂದೇ ಮಾತಿನಿಂದ ಶುರುಮಾಡುತ್ತಾರೆ: "ನಾನೇನೂ ಸ್ಪಾಟ್‌ಗೆ ಹೋದವನಲ್ಲ." ಇವರೂ ಹಾಗೆಯೇ. ವಿಡಿಯೊ ಎಡಿಟರ್. ನಿದ್ದೆ ಇಲ್ಲ, ಮಗು ಅತ್ತರೆ ಕೋಣೆ ಬಿಟ್ಟು ಎದ್ದು ಹೋಗುತ್ತಾರೆ. ಎರಡು ಭೇಟಿ ಇಷ್ಟರಲ್ಲೇ ಕಳೆಯಿತು.

ಮೂರನೆಯದರಲ್ಲಿ, ಏನು ನೋಡಿದಿರಿ ಎಂದು ಕೇಳುವುದನ್ನು ಬಿಟ್ಟು, ಹೇಗೆ ಕೆಲಸ ಮಾಡಿದಿರಿ ಎಂದು ಕೇಳಿದೆ. ಅಪಘಾತದ ರಾ ಫೂಟೇಜ್. ಸೆಕೆಂಡಿಗೆ 25 ಫ್ರೇಮ್. ಎಂಟು ಸೆಕೆಂಡಿನ ಶಾಟ್ ಎಂದರೆ 200. ಮುಖ ಅಲುಗಿದಂತೆಲ್ಲ ಅದನ್ನು ಮಸುಕಾಗಿಸುವ ಬ್ಲರ್ ಜಾರುತ್ತದೆ, ಕೈಯಿಂದಲೇ ಸರಿಸಬೇಕು. ಕಿವಿಗೆ ಹೆಡ್‌ಫೋನ್, ಅದರಲ್ಲಿ ತಾಯಿಯೊಬ್ಬಳ ಕೂಗು, ಹಿಂದಕ್ಕೆ, ಮುಂದಕ್ಕೆ.

"ಮುಖಕ್ಕೆ ಬ್ಲರ್ ಹಾಕ್ದೆ ಮೇಡಂ. ದನಿಗೆ ಏನು ಹಾಕ್ಲಿ?"

ಪ್ರಸಾರವಾದ ಸ್ಟೋರಿಯಲ್ಲಿ ಆ ಕೂಗು ಇರಲೇ ಇಲ್ಲ. ಅದರ ಜಾಗದಲ್ಲಿ ವಾಯ್ಸ್ ಓವರ್ ಇತ್ತು. ಅಂದರೆ ಅವರು ಅದನ್ನು ಕೇಳಬೇಕಾಗಿಯೇ ಇರಲಿಲ್ಲ.

ಸಲಹೆ ಅಲ್ಲಿಂದಲೇ ಹುಟ್ಟಿತು. ಮೊದಲ ಸಲ ಮ್ಯೂಟ್‌ನಲ್ಲಿ, ವಿಂಡೋ ಚಿಕ್ಕದು ಮಾಡಿ ನೋಡಿ. ಬೈಟ್, ಅಂದರೆ ಸ್ಟೋರಿಗೆ ಬೇಕಾದ ಮಾತಿನ ತುಣುಕು, ಎಲ್ಲಿದೆ ಎಂಬುದನ್ನು ವರದಿಗಾರರಿಂದ ಟೈಮ್‌ಕೋಡ್ (ಎಷ್ಟನೇ ನಿಮಿಷ, ಸೆಕೆಂಡ್) ಸಮೇತ ಬರೆಸಿಕೊಳ್ಳಿ, ಅಷ್ಟನ್ನೇ ಕೇಳಿ. ಕ್ಲಿಪ್ ತಾನಾಗಿ ಮತ್ತೆ ಮತ್ತೆ ಓಡದಂತೆ ಲೂಪ್ ಆಫ್ ಇರಲಿ. ಬ್ಲರ್‌ಗೆ ಮೊದಲು ಮುಖ ಪೂರ್ತಿ ಮುಚ್ಚುವ ಕಪ್ಪು ಮ್ಯಾಟ್ (ಪಟ್ಟಿಯಂಥ ಮುಸುಕು) ಇಟ್ಟು, ಅದರ ಅಂಚನ್ನಷ್ಟೇ ಸರಿಸುತ್ತ ಹೋಗಿ. ಬ್ಲರ್‌ಗೆ ಬದಲಿಸುವುದು ಕೊನೆಗೆ. ಕ್ಲಿಪ್‌ಗಳನ್ನಿಡುವ ಫೋಲ್ಡರ್, ಅಂದರೆ ಬಿನ್, ಹೆಸರುಗಳ ಪಟ್ಟಿಯ ರೂಪದಲ್ಲಿರಲಿ, ಚಿತ್ರ ತೋರಿಸುವ ಥಂಬ್‌ನೇಲ್ ಬೇಡ. ಇಂಥ ಕ್ಲಿಪ್‌ಗಳನ್ನು ದಿನವಿಡೀ ಬಿಡಿಬಿಡಿಯಾಗಿ ತೆರೆಯಬೇಡಿ, ಒಂದೇ ಹೊತ್ತಿನಲ್ಲಿ ಮುಗಿಸಿ, ಎದ್ದು ಹೊರಗೆ ಬನ್ನಿ. 116 ಪತ್ರಕರ್ತರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕಿಂತ ಎಷ್ಟು ಸಲ ನೋಡಿದರು ಎನ್ನುವುದೇ ಹೆಚ್ಚು ಬಾಧಿಸಿತ್ತು.

ಇದು ಆಪ್ತಸಲಹೆಯೋ ಎಡಿಟಿಂಗ್ ಪಾಠವೋ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ರಜೆ ಹಾಕಿಸಬಹುದಿತ್ತು, ನಿಜ. ರಜೆ ಮುಗಿಸಿ ಬಂದು ಕೂರುವುದು ಅದೇ ಕುರ್ಚಿಯಲ್ಲಿ, ಅದೇ ಹೆಡ್‌ಫೋನ್ ಹಾಕಿಕೊಂಡು. "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದು ಹೇಳಲಂತೂ ನಾನು ತಯಾರಿರಲಿಲ್ಲ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5, ಪರದೆಯ ಮೇಲೆ ನೋಡಿದ್ದನ್ನು ಆಘಾತದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಕೆಲಸದ ಭಾಗವಾಗಿ ನೋಡಿದ್ದರೆ ಹಿಡಿಯುತ್ತದೆ. ಸ್ಪಾಟ್‌ಗೆ ಹೋಗದವರಿಗೂ ಆಗುತ್ತದೆ ಎಂದು ಇವರಿಗೆ ಅದನ್ನೇ ಓದಿ ತೋರಿಸಿದೆ. ತೊಂದರೆ ಶುರುವಾಗಿ ತಿಂಗಳು ದಾಟಿದ್ದರಿಂದ ಮನೋವೈದ್ಯರ ಬಳಿಗೂ ಕಳಿಸಿದೆ.

ಫೈಲಿನ ಹೆಸರಲ್ಲೇ "ಕೂಗು, 02:14ರಿಂದ" ಎಂದು ಎಚ್ಚರಿಕೆ ಸೇರಿಸಲು ವಾಹಿನಿಯ ಸುದ್ದಿ ಡೆಸ್ಕ್ ಇನ್ನೂ ಒಪ್ಪಿಲ್ಲ. ರಾತ್ರಿ ಪಾಳಿಯವರಿಗಾಗಿ ಇವರು ಮಾನಿಟರ್‌ಗೆ ಚೀಟಿ ಅಂಟಿಸಿ ಬರುತ್ತಾರೆ.