ನ್ಯೂಯಾರ್ಕಿನ ಟ್ರಾನ್ಸ್ ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ ಟ್ರಾನ್ಸ್‌ಜೆಂಡರ್) ಮಹಿಳೆಯರು ಸ್ವಂತ ಬ್ಯೂಟಿ ಪಾರ್ಲರ್ ನಡೆಸಲು ಸಹಕಾರ ಪದ್ಧತಿಯನ್ನು ಏಕೆ ಆರಿಸಿಕೊಂಡರು?

ಮುಖ್ಯ ಕಾರಣ ಕಾನೂನಿನಲ್ಲಿದೆ. ಅಮೆರಿಕದ 1986ರ ವಲಸೆ ಕಾಯ್ದೆಯು ವಲಸೆ ದಾಖಲೆಗಳಿಲ್ಲದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದನ್ನು ನಿಷೇಧಿಸುತ್ತದೆಯೇ ಹೊರತು, ಅವರು ಉದ್ದಿಮೆಯೊಂದರ ಒಡೆಯರಾಗುವುದನ್ನಲ್ಲ. ನಗರದ ಕ್ವೀನ್ಸ್ ಪ್ರದೇಶದಲ್ಲಿ ಟ್ರಾನ್ಸ್ ಲ್ಯಾಟಿನಾ ವಲಸಿಗರು ಕಟ್ಟಿದ ಮಿರರ್ ಬ್ಯೂಟಿ ಕೋಆಪರೇಟಿವ್‌ನಂಥ ಸಂಸ್ಥೆಯಲ್ಲಿ ದುಡಿಯುವವರೇ ಪಾಲುದಾರರಾಗಿರುವುದರಿಂದ, ಲಿಂಗತ್ವದ ಕಾರಣಕ್ಕೆ ಕೆಲಸ ನಿರಾಕರಿಸುವ ಮಾಲೀಕನ ಪ್ರಶ್ನೆಯೇ ಏಳುವುದಿಲ್ಲ. 2014ರಿಂದ ನಗರಾಡಳಿತವೂ ಕಾರ್ಮಿಕ ಸಹಕಾರಿಗಳಿಗೆ ಹಣ ಮೀಸಲಿಟ್ಟಿತು. ಆದರೂ ಪೂರ್ಣ ಪ್ರಮಾಣದ ಸೌಂದರ್ಯ ಸೇವೆಗೆ ರಾಜ್ಯದ ಪರವಾನಗಿ, ಅದಕ್ಕೆ 1000 ಗಂಟೆಗಳ ತರಬೇತಿ ಬೇಕು. ಬಡವರಿಗೆ ಇದೇ ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ.

ರಾತ್ರಿಯ ಬದುಕಿನೊಂದಿಗೂ ಈ ಸೌಂದರ್ಯ ಸೇವೆಗೆ ನಂಟಿದೆ. ಕ್ವೀನ್ಸ್‌ನಲ್ಲಿ ತಲೆಯ ಮೇಲೆ ರೈಲು ಓಡುವ ರೂಸ್‌ವೆಲ್ಟ್ ಅವೆನ್ಯೂ ರಸ್ತೆಯ ಲ್ಯಾಟಿನೊ ಕ್ವೀರ್ (ಲೈಂಗಿಕ ಅಲ್ಪಸಂಖ್ಯಾತರ) ಬಾರುಗಳಲ್ಲಿ ವೇದಿಕೆ ಏರುವವರಿಗೆ ವಿಗ್, ಮೇಕಪ್, ಕೇಶಾಲಂಕಾರ ಎಲ್ಲವೂ ಬೇಕು. ಆದರೆ ವೇಶ್ಯಾವಾಟಿಕೆಯ ಉದ್ದೇಶದಿಂದ ರಸ್ತೆಯಲ್ಲಿ ಸುಳಿದಾಡುವುದನ್ನು ಅಪರಾಧವೆಂದ 1976ರ ಕಾನೂನಿನಡಿ, ಕೇವಲ ಉಡುಪು ನೋಡಿ ಟ್ರಾನ್ಸ್ ಮಹಿಳೆಯರನ್ನು ಬಂಧಿಸಲಾಗುತ್ತಿತ್ತು (ಕೈಚೀಲದಲ್ಲಿನ ಕಾಂಡೋಮ್ ಕೂಡ ಸಾಕ್ಷ್ಯವಾಗುತ್ತಿತ್ತು). ನ್ಯೂಯಾರ್ಕ್ ರಾಜ್ಯವು ಆ ಕಾನೂನನ್ನು ರದ್ದುಪಡಿಸಿದ್ದು 2021ರಲ್ಲಿ.