ಮತಾಂತರ ಬಿಟ್ಟರೆ ಮಿಷನರಿಗಳಿಗೆ ವಿದೇಶದಲ್ಲಿ ಏನು ಕೆಲಸ?

‘ಕ್ಯಾಥೊಲಿಕ್ ಮಿಷನರಿ ಸಂಘದವರು ಹೊರದೇಶಗಳಲ್ಲಿ ಮತಾಂತರ ಬಿಟ್ಟು ಬೇರೇನಾದರೂ ಮಾಡುತ್ತಾರೆಯೇ?’ ಎಂದು ಕೇಳಿದ್ದೀರಿ. ಪ್ರಶ್ನೆ ಸ್ವಲ್ಪ ಖಾರವಾಗಿದೆ, ಇರಲಿ. ನಮ್ಮ ಮನೆಯ ಹುಡುಗನೇ ಅಂಥ ಸಂಘದಲ್ಲಿರುವುದರಿಂದ ತಿಳಿದಷ್ಟು ಹೇಳುತ್ತೇನೆ.

ನಾವು ಕೋಲಾರದ ಪಕ್ಕದ ಹಳ್ಳಿಯವರು. ಚಿಕ್ಕಪ್ಪನ ಮಗ ಎಸ್‌ವಿಡಿ ಎಂದು ಕರೆಯುವ ಡಿವೈನ್ ವರ್ಡ್ ಸಂಘದ ಗುರು. ಆರ್ನಾಲ್ಡ್ ಜಾನ್ಸೆನ್ ಎಂಬ ಜರ್ಮನ್ ಪಾದ್ರಿ 1875ರಲ್ಲಿ ಕಟ್ಟಿದ ಸಂಘ ಅದು. ಜರ್ಮನಿಯಲ್ಲಿ ಆಗ ಚಾನ್ಸಲರ್ ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚಿನ ಮೇಲೆ ಹಲ್ಲು ಕಡಿಯುತ್ತಿದ್ದುದರಿಂದ ಗಡಿ ದಾಟಿ ನೆದರ್ಲೆಂಡ್ಸಿನಲ್ಲಿ ಶುರು ಮಾಡಿದರು. ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಪುವಾ ನ್ಯೂಗಿನಿಗೆ ಈ ಸಂಘದವರು ಕಾಲಿಟ್ಟದ್ದು 1896ರಲ್ಲಿ. ನಮ್ಮವನು ಇರುವುದು ಅಲ್ಲಿನ ಬೆಟ್ಟದ ಸೀಮೆಯಲ್ಲಿ.

ಮೊದಲು ಹೋದವರು ಮತಪ್ರಚಾರಕ್ಕೇ ಹೋದವರು, ಮುಚ್ಚಿಡುವುದೇನಿದೆ? ಆದರೆ ಈಗ ಆ ದೇಶದ ಬಹುಪಾಲು ಜನ ಕ್ರೈಸ್ತರೇ. ಎಂಟುನೂರಕ್ಕೂ ಹೆಚ್ಚು ಭಾಷೆಗಳಿರುವ ನಾಡು; ಹೋದವನು ಮೊದಲು ಟೋಕ್ ಪಿಸಿನ್ ಎಂಬ ಸಂಪರ್ಕ ಭಾಷೆ ಕಲಿಯಬೇಕು. ಅದರಲ್ಲಿ ‘ವಾಂಟೋಕ್’ ಎಂಬ ಮಾತಿದೆ: ಒಂದೇ ನುಡಿಯವರು, ಅಂದರೆ ನಮ್ಮವರು. ವಾಂಟೋಕ್ ಬಾಗಿಲಿಗೆ ಬಂದರೆ ಊಟವಿಲ್ಲ ಎನ್ನುವಂತಿಲ್ಲ. ಅವನ ಮೈಮೇಲೆ ಯಾರಾದರೂ ಕೈ ಮಾಡಿದರೆ ಇಡೀ ಕುಲ ಬಿಲ್ಲು ಹಿಡಿದು ಹೊರಡುತ್ತದೆ, ಈಗೀಗ ಬಂದೂಕು. ಹಾಗೆ ಎರಡು ಕುಲ ಹೊಡೆದಾಡಿಕೊಂಡಾಗ ಯಾರಿಗೂ ವಾಂಟೋಕ್ ಅಲ್ಲದ ಕೋಲಾರದವನು ನಡುವೆ ಕುಳಿತು ಪಂಚಾಯಿತಿ ಮಾಡುತ್ತಾನೆ. ಪರಿಹಾರದ ಲೆಕ್ಕ ಹಂದಿಗಳಲ್ಲಿ. ಶಾಲೆ, ಔಷಧಾಲಯ, ಭಾನುವಾರದ ಪೂಜೆ ಇವೆಲ್ಲ ಇದ್ದೇ ಇವೆ.

ಎದೆ ನಡುಗಿಸುವ ಕೆಲಸ ಇನ್ನೊಂದಿದೆ. ಯಾರಾದರೂ ಅಕಾಲದಲ್ಲಿ ಸತ್ತರೆ ‘ಸಂಗುಮಾ’, ಅಂದರೆ ಮಾಟ ಎಂದು ದಿಕ್ಕಿಲ್ಲದ ಹೆಂಗಸಿನ ಮೇಲೆ ಬೆರಳು ತೋರಿಸುತ್ತಾರೆ. 2013ರಲ್ಲಿ ಮೌಂಟ್ ಹೇಗನ್ ಪಟ್ಟಣದಲ್ಲಿ ಒಬ್ಬ ತರುಣಿಯನ್ನು ಜನರೆದುರೇ ಸುಟ್ಟರು. ಮಾಟವನ್ನು ನಿಜವೆಂದು ಒಪ್ಪುತ್ತಿದ್ದ 1971ರ ಕಾಯ್ದೆ 2013ರಲ್ಲೇ ರದ್ದಾಯಿತು, ಆದರೆ ಭಯವನ್ನು ರದ್ದು ಮಾಡುವುದು ಹೇಗೆ? ಒಂದು ರಾತ್ರಿ ನಮ್ಮವನು ಅಂಥ ಒಬ್ಬಾಕೆಯನ್ನು ಜೀಪಿನ ಹಿಂದೆ ಗೆಣಸಿನ ಮೂಟೆಗಳ ನಡುವೆ ಮಲಗಿಸಿಕೊಂಡು ಸಿಸ್ಟರ್‌ಗಳ ಮಠಕ್ಕೆ ಮುಟ್ಟಿಸಿದನಂತೆ. ಫೋನಿನಲ್ಲಿ ಇಷ್ಟು ಹೇಳಿ, ಅದೇ ಉಸಿರಿನಲ್ಲಿ ನಮ್ಮ ಅಮ್ಮನನ್ನು ‘ದೊಡ್ಡಮ್ಮ, ಹುರುಳಿಕಾಳು ಮೊಳಕೆ ಬರುವುದಕ್ಕೆ ಎಷ್ಟು ಹೊತ್ತು ಕಟ್ಟಿಡಬೇಕು?’ ಎಂದು ಕೇಳಿದ.

ಸಂಬಳ ಎಷ್ಟು ಎಂದು ಊರಿನವರು ಈಗಲೂ ಕೇಳುತ್ತಾರೆ. ಬಡತನದ ವ್ರತ ತೊಟ್ಟವನು, ಸ್ವಂತದ್ದು ಎನ್ನುವ ಹಣವಿಲ್ಲ. ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಾನೆ. ಚಿಕ್ಕಪ್ಪ ತೀರಿಕೊಂಡಾಗ ವಿಮಾನ ಸಿಗದೆ, ಮಣ್ಣು ಮಾಡಿದ ಎರಡು ದಿನದ ಮೇಲೆ ತಲುಪಿದ. ನನ್ನನ್ನು ಕೇಳಿದರೆ ಈ ಕೆಲಸದ ನಿಜವಾದ ಖರ್ಚು ಬೀಳುವುದು ಮನೆಯವರ ಮೇಲೆ. ಚಿಕ್ಕಮ್ಮನಿಗೆ ಸಂಘದ ಮೇಲೆ ಇನ್ನೂ ಮುನಿಸು. ಆದರೂ ಅಕ್ಟೋಬರಿನ ಮಿಷನ್ ಭಾನುವಾರ, ದೂರದೇಶದ ಚರ್ಚುಗಳಿಗೆಂದು ಅಂಗಳದಲ್ಲಿ ತರಕಾರಿ ಹರಾಜು ಹಾಕುವಾಗ ಮೊದಲ ಕುಂಬಳಕಾಯಿಗೆ ಕೂಗುವವರು ಅವರೇ. ಕಳೆದ ವರ್ಷ 900 ರೂಪಾಯಿಗೆ ಹಿಡಿದರು.